ಷರಾ

ಧ್ವನಿಮತದಲ್ಲಿ ಮಸೂದೆ ಪಾಸಾದ ಮಧ್ಯಾಹ್ನ
ಟ್ರಾನ್ಸ್‌ಫಾರ್ಮರು ದಿಬ್ಬೂರಹಳ್ಳಿ ಕ್ರಾಸಿನಲ್ಲಿತ್ತು,
ತೊಂಬತ್ತಾರು ಗಾಲಿಯ ಮೇಲೆ, ಟಾರ್ಪಾಲು ಹೊದ್ದು,
ಕೊಂಬು ಬಿಚ್ಚಿಟ್ಟ ಕೋಣದ ಹಾಗೆ.
ಸ್ಟೇಷನ್ನಿಗೆ ಇನ್ನು ನಾಲ್ಕೇ ಕಿಲೋಮೀಟರು.
ಡ್ರೈವರಿಗೆ ಫೋನು ಬಂತು: ಅಲ್ಲೇ ನಿಲ್ಲು.
ನಿಂತ.
ಇವತ್ತಿಗೆ ಎಪ್ಪತ್ತೊಂದು ದಿನ.

ನಾನು ಮುನಿಲಕ್ಷ್ಮಿ, ಸ್ಟೇಷನ್ ಆಪರೇಟರು.
ಗಂಟೆಗೊಮ್ಮೆ ವೋಲ್ಟು, ಆಂಪಿಯರು, ಎಣ್ಣೆಯ ಬಿಸಿ
ಬರೆಯುವುದು ಕೆಲಸ. ಕೊನೆಯ ಕಾಲಮ್ಮು ಷರಾ.
ಹದಿಮೂರು ವರ್ಷದಲ್ಲಿ ನಾನು ಅಲ್ಲಿ ಬರೆದದ್ದು
‘ಏನೂ ಇಲ್ಲ’, ಮಳೆಗಾಲಕ್ಕೆ ‘ಗುಡುಗು’,
ಒಮ್ಮೆ ‘ಅಳಿಲು’.

ಏಳನೇ ಬೇಗೆ ಜಲ್ಲಿ ಹಾಸಿ ಆಗಿತ್ತು.
ಬುನಾದಿಯ ಬೋಲ್ಟಿಗೆ ಗ್ರೀಸು ಸವರಿ ಗೋಣಿ ಸುತ್ತಿದ್ದರು,
ಹೆರಿಗೆಗೆ ಮುಂಚೆ ಹಳೆ ಬಟ್ಟೆ ಮಡಿಸಿಟ್ಟ ಹಾಗೆ.
ಆಚೆಗೆ ಡೇಟಾ ಸೆಂಟರಿನ ಬೇಲಿ. ಕಟ್ಟಡ ಎದ್ದಿರಲಿಲ್ಲ,
ಅದರ ಹಸಿವಿನ ಲೆಕ್ಕ ಮಾತ್ರ ಎದ್ದಿತ್ತು:
ಇಡೀ ಶಿಡ್ಲಘಟ್ಟ ಉಣ್ಣುವುದರ ಆರು ಪಟ್ಟು.

ಆಯೋಗದ ವಿಚಾರಣೆಗೆ ನಮ್ಮನ್ನೂ ಕರೆದಿದ್ದರು,
ಕುರ್ಚಿ ಹಾಕಲು.
ರೀಲರು ಖೈರುನ್ನೀಸಾ ಎದ್ದು ನಿಂತಳು:
“ಸಾಹೇಬ್ರೇ, ನಮ್ದು ಹತ್ತು ಬೇಸಿನ್ನು.
ಕರೆಂಟು ಹೋದ್ರೆ ನೀರು ಆರ್ತದೆ, ಗೂಡು ಬಿಚ್ಚಲ್ಲ,
ಎಳೆ ಕಡೀತದೆ. ನಾನು ಗಂಟು ಹಾಕ್ತೀನಿ.
ನಿಮ್ದು ಕಡಿದ್ರೆ ಗಂಟು ಯಾರು ಹಾಕ್ತಾರೆ?”
ಅಷ್ಟರಲ್ಲಿ ಕರೆಂಟು ಹೋಯಿತು.
ನಾನು ತೆಗೆಸಿದ್ದಲ್ಲ; ಇವತ್ತಿಗೂ ಯಾರೂ ನಂಬುವುದಿಲ್ಲ.
ನಡಾವಳಿಯಲ್ಲಿ ಅವಳ ಹೆಸರು ‘ಒಬ್ಬ ಗ್ರಾಹಕರು’.

ಆಮೇಲೆ ಕಾಯ್ದೆ ಬಂತು. ಮೂರನೇ ಕಲಮು:
ಹದಿನೆಂಟು ತಿಂಗಳು, ಇಂಥ ಯಾವ ಅರ್ಜಿಗೂ
ಆಯೋಗವು ಅನುಮೋದನೆ ನೀಡತಕ್ಕದ್ದಲ್ಲ.
ಬೇಡ ಎಂದಿಲ್ಲ. ಆಗಲಿ ಎಂದೂ ಇಲ್ಲ.
ಆವಿಯಾಡುವ ಮುದ್ದೆಗೆ ಕೈ ಹಾಕಿದರೆ
ಅಮ್ಮ ಅನ್ನುತ್ತಿದ್ದ ಮಾತು ಅಷ್ಟೇ:
ತಡಿ. ಸುಡ್ತದೆ, ತಡಿ.

ಡ್ರೈವರು ಪೊನ್ನುರಂಗಂ, ನಾಮಕ್ಕಲ್ಲಿನವನು.
ಗಾಲಿಗಳ ನಡುವೆ ಸ್ಟವ್ವು, ಆಕ್ಸಲಿಗೆ ಲುಂಗಿ,
ಯಾರದೋ ಕೋಳಿ ಅಲ್ಲೇ ಕಾವಿಗೆ ಕೂತಿದೆ.
ಕನ್ನಡ ಕಲಿಯುತ್ತಿದ್ದಾನೆ. ಮೊದಲು ಬಂದ ಪದ ‘ತಡಿ’.
ಹಿಪ್ಪುನೇರಳೆ ಸೊಪ್ಪಿನ ಟೆಂಪೋ ಹಾರ್ನ್ ಹೊಡೆದರೆ
ಕೈ ಎತ್ತಿ ಅದನ್ನೇ ಕೂಗುತ್ತಾನೆ.

ಒಳಗೆ ಎಣ್ಣೆ ಇಲ್ಲ. ತೇವ ಸೇರದಿರಲೆಂದು
ನೈಟ್ರೋಜನ್ ತುಂಬಿ ಮುಚ್ಚಿದ್ದಾರೆ.
ಒತ್ತಡ ಇಳಿದರೆ ತಾಮ್ರಕ್ಕೆ ಸುತ್ತಿದ ಕಾಗದ ನೀರು ಕುಡಿಯುತ್ತದೆ.
ಮೀಟರು ನೋಡುವವರು ಯಾರು?
ಹಸ್ತಾಂತರ ಆಗಿಲ್ಲ, ನಮ್ಮದಲ್ಲ ಎಂದಿತು ನಿಗಮ.
ಫ್ಯಾಕ್ಟರಿ ಗೇಟು ದಾಟಿದೆ, ನಮ್ಮದಲ್ಲ ಎಂದಿತು ಕಂಪನಿ.
ಶಿಫ್ಟು ಮುಗಿಸಿ, ಟಾರ್ಚು ಹಿಡಿದು, ಸ್ಕೂಟಿಯಲ್ಲಿ
ದಿನಾ ನಾನು ಹೋಗುತ್ತೇನೆ.

ಅದರ ಕಡೆಯವಳಲ್ಲ ನಾನು.
ಖೈರುನ್ನೀಸಾ ಕೂತಾಗ ಕತ್ತಲಲ್ಲಿ
ಚಪ್ಪಾಳೆ ಶುರು ಮಾಡಿದವಳು ನಾನೇ.
ಮಗಳ ಮೊದಲ ಹಲ್ಲಿನ ಫೋಟೋ
ಯಾವುದೋ ಊರಿನ ಇಂಥದೇ ಬೇಲಿಯೊಳಗೆ
ತಣ್ಣಗೆ ಕೂತಿದೆ, ಅದೂ ಗೊತ್ತು.
ಅಲ್ಲಿ ಯಾರ ಬೇಸಿನ್ನು ಆರಿತೋ,
ನಾನು ಕೇಳಿಲ್ಲ.

ನಿನ್ನೆ ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು.
ಪೊನ್ನುರಂಗಂ ಬಟ್ಟೆ ಸೋಪು ಕಲಸಿ ನೊರೆ ಬಳಿದ.
ವಾಲ್ವಿನ ಬುಡದಲ್ಲಿ ಒಂದು ಗುಳ್ಳೆ
ಊದಿತು, ಒಡೆಯಿತು, ಮತ್ತೆ ಊದಿತು.
ಇಬ್ಬರೂ ಸೇರಿ ಸ್ಪ್ಯಾನರು ಹಾಕಿ ಮುಕ್ಕಾಲು ಸುತ್ತು ಬಿಗಿದೆವು.
ಕೋಳಿ ಎದ್ದು, ಗೊಣಗಿ, ಕೂತಿತು.

ರಾತ್ರಿ ಎರಡು ಗಂಟೆ. ಏಳನೇ ಬೇ.
ವೋಲ್ಟು ಸೊನ್ನೆ. ಆಂಪಿಯರು ಸೊನ್ನೆ.
ಷರಾ: ಕ್ರಾಸಿನಲ್ಲಿದೆ.

ಬೆಳಿಗ್ಗೆ ಜೆಇ ಕೆಂಪು ಪೆನ್ನಿನಲ್ಲಿ ಪಕ್ಕಕ್ಕೆ ಕೇಳಿದ್ದಾರೆ:
ಏನು?